ವಾಮನನ ಉಪವಾಸ

ಸುಲೋಚನಕ್ಕ ಹೋದ ದಿನ ಬೆಳಗಿನ ಜಾವ ಅವಳಿಂದಲೇ ವಾಟ್ಸ್ಯಾಪಿನಲ್ಲಿ ಬೆಣ್ಣೆ ಕೃಷ್ಣನ ಚಿತ್ರವೊಂದು ಬಂದಿತ್ತು. ಕೆಳಗೆ 'ಶುಭೋದಯ' ಎಂದಿತ್ತು. ನಮ್ಮ ಕುಟುಂಬದ ಗುಂಪಿನಲ್ಲಿ ಮೂವತ್ತೊಂದು ಜನ ಇದ್ದಾರೆ. ಅವರಲ್ಲಿ ಇಪ್ಪತ್ತೆರಡು ಜನ ಕೃಷ್ಣನಿಗೆ ಕೈಮುಗಿದರು. ಎಂಟು ಗಂಟೆಗೆ ಅವಳ ಮಗ ಹೃಷಿಕೇಶ ಅದೇ ಗುಂಪಿನಲ್ಲಿ, 'ಅಮ್ಮ ಇನ್ನಿಲ್ಲ, ಪೂಜೆ ಮುಗಿಸಿ ಕೂತಲ್ಲೇ ಹೋದರು' ಎಂದು ಬರೆದ. ಆ ಇಪ್ಪತ್ತೆರಡು ಜನ ಅವೇ ಕೈಗಳನ್ನು ಪುನಃ ಮುಗಿದರು. ಒಬ್ಬರಂತೂ ಅಭ್ಯಾಸಬಲದಿಂದ 'ತಮಗೂ ಶುಭೋದಯ' ಎಂದು ಸೇರಿಸಿದರು. ನಮ್ಮವರು ಶೋಕದಲ್ಲಿಯೂ ಶಿಷ್ಟಾಚಾರ ಬಿಡುವವರಲ್ಲ.

ನಾನಾಗ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಸಂಧ್ಯಾವಂದನೆಗೆ ಕೂತಿದ್ದೆ. ನನ್ನ ಹೆಂಡತಿ ಕಮಲಾ ಫೋನು ಹಿಡಿದು ಬಾಗಿಲಲ್ಲಿ ನಿಂತಳು.

"ಕೇಳಿತಾ? ಬರೋಡದಿಂದ... ಅಕ್ಕ..." ಎಂದಳು. ಪಂಚಪಾತ್ರೆಯ ನೀರು ಮಣೆಯ ಮೇಲೆ ಚೆಲ್ಲಿ ಹರಿಯಿತು.

ಎರಡು ಗಂಟೆಯ ದಾರಿ. ಬರೋಡದ ಮನೆ ಮುಟ್ಟುವಾಗ ಅಂಗಳದ ತುಂಬ ಚಪ್ಪಲಿ, ಒಳಗೆ ತುಂಬ ಅಳು. ಸೂರತ್‌ನಲ್ಲಿ ಉಡುಪಿ ಹೋಟೆಲು ನಡೆಸುವ ಹೃಷಿಕೇಶ ಆಗಲೇ ಬಂದಿದ್ದ. ಬಂದವರೆಲ್ಲ ಅಕ್ಕನ ಗುಣಗಾನ ಮಾಡುತ್ತಿದ್ದರು. ಗುಣಗಾನಕ್ಕೆ ಅವಳಲ್ಲಿ ವಸ್ತುವಿಗೆ ಕೊರತೆ ಇರಲಿಲ್ಲ. ಈರುಳ್ಳಿ ಬೆಳ್ಳುಳ್ಳಿಯ ಗಾಳಿ ಸೋಕಿದರೆ ಸೆರಗು ಒಗೆಯುವವಳು. ಹಾಲಿನವನು ಪಾತ್ರೆ ಮುಟ್ಟಿದರೆ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ತೊಳೆಯುವವಳು. ಎಲ್ಲಕ್ಕಿಂತ ದೊಡ್ಡದು, ದಿನವೂ ಬೆಳಿಗ್ಗೆ ಎರಡು ಸಲ ತಣ್ಣೀರಿನ ಸ್ನಾನ. ಎದ್ದ ಕೂಡಲೇ ಒಂದು, ಪೂಜೆಗೆ ಕೂರುವ ಮೊದಲು ತಲೆಗೆ ಇನ್ನೊಂದು. ಎಪ್ಪತ್ತೊಂಬತ್ತರ ಪ್ರಾಯದಲ್ಲಿಯೂ ತಪ್ಪಿಸಲಿಲ್ಲ. ಈ ಎರಡನೆಯ ಸ್ನಾನವನ್ನು ನಾನು ನಮ್ಮ ಊರವರ ಸಂಘದ ಭಾಷಣಗಳಲ್ಲಿ ಎರಡು ಸಲ ಉದಾಹರಿಸಿ ಚಪ್ಪಾಳೆ ಗಳಿಸಿದ್ದೇನೆ.

ಇಂಥವಳ ಮಂಚದ ಕೆಳಗೆ ಒಂದು ನಾಯಿ ಮಲಗಿತ್ತು.

ಮೂರು ವರ್ಷದ ಹಿಂದೆ ಭಾವ ತೀರಿಕೊಂಡಾಗ, ಅಮ್ಮನಿಗೆ ಜೊತೆಗಿರಲಿ ಎಂದು ಹೃಷಿಕೇಶ ತಂದುಕೊಟ್ಟದ್ದು. ಶಿಹ್ ತ್ಸು ಎಂಬ ಜಾತಿ. ಚೀನಾದ ಅರಮನೆಯಲ್ಲಿ ರಾಣಿಯರ ತೊಡೆಯ ಮೇಲೆ ಕೂರುವುದಕ್ಕೆಂದೇ ಬೆಳೆಸಿದ ತಳಿಯಂತೆ. ಕಾವಲು ಕಾಯುವುದಿಲ್ಲ, ಕಳ್ಳನನ್ನು ಕಂಡರೆ ಮೊದಲು ತಾನೇ ಅಡಗುತ್ತದೆ. ಗೇಣುದ್ದದ ದೇಹ, ನೆಲ ಗುಡಿಸುವ ಕೂದಲು, ಯಾರೋ ಬಾಗಿಲು ಹಾಕಿ ಜಜ್ಜಿದಂತಹ ಮೂಗು. ಹಾಲಿನವನನ್ನು ದೂರ ನಿಲ್ಲಿಸಿದ ಅಕ್ಕ ಇದನ್ನು ಮಡಿಲಿಗೆ ಹಾಕಿಕೊಂಡಳು. ಕುಳ್ಳಗಿದೆಯೆಂದು ವಾಮನ ಎಂದು ಹೆಸರಿಟ್ಟಳು. ಶಾಸ್ತ್ರ ಕೇಳಿದವರಿಗೆ, "ಅವತಾರಕ್ಕೆ ಮೈಲಿಗೆ ಉಂಟಾ?" ಎಂದು ಬಾಯಿ ಮುಚ್ಚಿಸಿದಳು.

ಹತ್ತನೆಯ ದಿನದ ಕರ್ಮಕ್ಕೆ ಎಲ್ಲರೂ ಚಾಂದೋದ್‌ಗೆ, ನರ್ಮದೆಯ ತೀರಕ್ಕೆ ಹೋದೆವು. ಮಳೆಗಾಲದ ತುಂಬು ಹೊಳೆ. ಹೃಷಿಕೇಶ ಪಿಂಡ ಇಟ್ಟ. ಕಾಗೆಯೊಂದು ಬಂದು ಮೆಟ್ಟಿಲಿನ ಮೇಲೆ ಕೂತಿತು. ಕೂತೇ ಇತ್ತು. ಪಿಂಡವನ್ನು ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಅದು ಯಾವ ಆಸೆ ಎಂದು ಇದ್ದವರು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು.

"ಮಾತು ಕೊಡಿ ಮಾರಾಯ್ರೆ," ಎಂದರು ಪುರೋಹಿತರಾದ ರಾಘವ ಭಟ್ಟರು. "ಹೀಗೆ ನೋಡ್ತಾ ಕೂತ್ರೆ ಆಗ್ಲಿಕ್ಕಿಲ್ಲ."

"ಅಮ್ಮಾ, ಬರೋಡದ ಮನೆ ಮಾರುದಿಲ್ಲ!" ಎಂದ ಹೃಷಿಕೇಶ.

ಕಾಗೆ ಕೊಕ್ಕು ಕಲ್ಲಿಗೆ ಉಜ್ಜಿಕೊಂಡಿತು.

"ಬಾಡಿಗೆಗೂ ಕೊಡುದಿಲ್ಲ!"

ಕಾಗೆ ಬೆನ್ನು ತಿರುಗಿಸಿತು. ಅವನ ಹೆಂಡತಿ ಮೇದಿನಿ ಮುಂದೆ ಬಂದಳು. "ಅತ್ತೇ, ನಿಮ್ಮ ಸಾಲಿಗ್ರಾಮಕ್ಕೆ ನಾನು ದಿನಾ ಮಡಿಯಲ್ಲಿ ಪೂಜೆಗೆ ಎಲ್ಲ ಸಿದ್ಧ ಮಾಡಿಕೊಡ್ತೇನೆ." ಕಾಗೆ ಕತ್ತು ಓರೆ ಮಾಡಿ ಅವಳನ್ನು ನೋಡಿತು. ಥೇಟು ಅಕ್ಕನ ನೋಟ. ಮೇದಿನಿ ಗಂಡನ ಹಿಂದೆ ಸರಿದಳು.

ನಾನು ಉಡುಪಿಯಲ್ಲಿ ಲಕ್ಷ ತುಳಸಿ ಅರ್ಚನೆ ಮಾಡಿಸುವ ಮಾತು ಕೊಟ್ಟೆ. ಕಾಗೆಗೆ ಅದು ಸಣ್ಣ ವಿಷಯವಾಗಿ ಕಂಡಿರಬೇಕು.

"ಬೇಗ ಆಗ್ಲಿ, ನನಗೆ ಹನ್ನೆರಡೂವರೆಗೆ ಇನ್ನೊಂದು ಕಡೆ ಹೋಗ್ಲಿಕ್ಕುಂಟು," ಎಂದರು ಭಟ್ಟರು. ಅವರ ಪ್ರಕಾರ ಅಕ್ಕ ಅವರ ಕಾರ್ಯಕ್ರಮವನ್ನು ಬೇಕೆಂದೇ ಕೆಡಿಸುತ್ತಿದ್ದಳು.

ಬಿಸಿಲು ನೆತ್ತಿಗೆ ಬಂದಿತ್ತು. ನನಗೆ ಹಸಿವು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಅಕ್ಕಾ, ನಿನ್ನ ವಾಮನನನ್ನು ನಾನು ನೋಡಿಕೊಳ್ತೇನೆ. ನೀನು ಹೇಗೆ ಸಾಕಿದ್ದಿಯೋ ಹಾಗೇ ಸಾಕ್ತೇನೆ, ಒಂದು ಚೂರೂ ಹೆಚ್ಚುಕಮ್ಮಿ ಮಾಡುದಿಲ್ಲ. ಇನ್ನಾದ್ರೂ ಬಾ!"

ಕಾಗೆ ಹಾರಿ ಬಂದು ಪಿಂಡಕ್ಕೆ ಕೊಕ್ಕು ಹಾಕಿತು.

ಅದೇ ಹೊತ್ತಿಗೆ ಪಕ್ಕದ ಯಾತ್ರಿಕರ ದೋಣಿ ಹೊರಟು ಮೆಟ್ಟಿಲು ಖಾಲಿಯಾಗಿತ್ತು ಎಂಬುದು ಆಮೇಲೆ ನನ್ನ ಗಮನಕ್ಕೆ ಬಂತು. ಆದರೆ ಕಾಗೆಯ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಹೃಷಿಕೇಶ ನನ್ನನ್ನು ಅಪ್ಪಿಕೊಂಡು ಅತ್ತ. ಕಣ್ಣೊರೆಸಿಕೊಂಡು, "ಮಾವ, ವಾಮನನ ಸಾಮಾನೆಲ್ಲ ಕಾರಿನ ಡಿಕ್ಕಿಯಲ್ಲೇ ಉಂಟು," ಎಂದ.

"ಯಾವಾಗ ತುಂಬಿಸಿದ್ದು ನೀನು?"

"ನಿನ್ನೆ."

ಅಂದರೆ ಕಾಗೆಗಿಂತ ಒಂದು ದಿನ ಮುಂಚೆಯೇ ತೀರ್ಮಾನವಾಗಿತ್ತು. ಅಪರಕರ್ಮದ ಜಾಗದಲ್ಲಿ ಗಂಡನನ್ನು ಬಯ್ಯಬಾರದೆಂಬ ತಿಳಿವಳಿಕೆ ಕಮಲಾಗೆ ಇದೆ. ಮನೆಗೆ ಬಂದ ಮೇಲೆ ಎಲ್ಲವನ್ನೂ ಸೇರಿಸಿ ಹೇಳಿದಳು.

ಹದಿಮೂರನೆಯ ದಿನದ ಸಮಾರಾಧನೆ ಮುಗಿಸಿ ಹೊರಟಾಗ ಅಕ್ಕನ ಮನೆಯ ಕೆಲಸದ ಮಂಜುಳಾಬೆನ್ ಕಾರಿನ ಹತ್ತಿರ ಬಂದಳು. ಆ ಹದಿಮೂರು ದಿನ ಹಿಂದಿನ ಬಾಲ್ಕನಿಯಲ್ಲಿ ವಾಮನನಿಗೆ ಏನು ಹಾಕುತ್ತಿದ್ದಳೋ ಯಾರೂ ಕೇಳಿರಲಿಲ್ಲ. "ಸಾಹೇಬ್, ಇವನು ತಿನ್ನದಿದ್ದರೆ ನನಗೆ ಒಂದು ಫೋನು ಮಾಡಿ," ಎಂದಳು. ಕೆಲಸದವರು ಹೀಗೆ ತಮ್ಮ ಮಹತ್ವ ಹೇಳಿಕೊಳ್ಳುವುದು ಸಹಜವೆಂದು ನಾನು ದೊಡ್ಡ ಮನಸ್ಸಿನಿಂದ ತಲೆಯಾಡಿಸಿದೆ.

ಡಿಕ್ಕಿಯ ಸಾಮಾನನ್ನು ಮನೆಯಲ್ಲಿ ಬಿಚ್ಚಿದೆವು. ಮೂರು ಬಾಚಣಿಗೆ, ಕಣ್ಣು ಒರೆಸುವ ಬಟ್ಟೆ, ಎರಡು ಬಗೆಯ ಶ್ಯಾಂಪೂ, ಒಂದು ರೇನ್‌ಕೋಟು, ಜುಟ್ಟಿಗೆ ಹದಿನೆಂಟು ರಿಬ್ಬನ್ನು. ದಿನಾ ಬಾಚದಿದ್ದರೆ ಕೂದಲು ಜಡೆಗಟ್ಟುತ್ತದೆ. ದಿನಾ ಒರೆಸದಿದ್ದರೆ ಕಣ್ಣು ಕೆಡುತ್ತದೆ. ಸೆಕೆಯಾದರೆ ಆ ಜಜ್ಜಿದ ಮೂಗಿನಲ್ಲಿ ಉಸಿರು ಸಾಗುವುದಿಲ್ಲ, ಎಸಿ ಬೇಕು. ಅಹಮದಾಬಾದಿನ ನಲವತ್ತೈದು ಡಿಗ್ರಿಯ ಬೇಸಿಗೆಯಲ್ಲಿ, ಫ್ಯಾನಿನ ಗಾಳಿಯೇ ಆರೋಗ್ಯಕ್ಕೆ ಹಿತ ಎಂದು ಮೂವತ್ತು ವರ್ಷ ಕಮಲಾಗೆ ಉಪದೇಶ ಮಾಡಿದವನು ನಾನು. ಆ ದಿನ ಎಸಿ ಹಾಕಿದೆ.

"ನಾನು ಮನುಷ್ಯಳಾಗಿ ಹುಟ್ಟಿದ್ದೇ ತಪ್ಪು," ಎಂದಳು ಕಮಲಾ.

ಪುರಾಣದ ವಾಮನ ಕೇಳಿದ್ದು ಮೂರು ಹೆಜ್ಜೆ ಜಾಗ. ನಮ್ಮವನು ಕೇಳಲೂ ಇಲ್ಲ. ಒಂದು ಹೆಜ್ಜೆಯಲ್ಲಿ ಸೋಫಾ, ಎರಡನೆಯದರಲ್ಲಿ ನನ್ನ ಹಾಸಿಗೆ. ಮೂರನೆಯದನ್ನು ಎಲ್ಲಿ ಇಟ್ಟನೆಂದು ಬೇರೆ ಹೇಳಬೇಕಾಗಿಲ್ಲ. ಎಪ್ಪತ್ತನಾಲ್ಕರ ಪ್ರಾಯದಲ್ಲಿ ನಾನು ಕನ್ನಡಕ ಹಾಕಿಕೊಂಡು ಒಂದು ನಾಯಿಗೆ ಜುಟ್ಟು ಕಟ್ಟಲು ಕಲಿತೆ.

ಮರುದಿನ ಏಕಾದಶಿ. ವಾಮನನ ಬೆಳ್ಳಿ ಬಟ್ಟಲಿಗೆ ಹಾಲು ಅನ್ನ ಹಾಕಿದೆ. ಮೂಸಿದ, ಮುಖ ತಿರುಗಿಸಿದ. ಮೊಸರನ್ನ ಹಾಕಿದೆ, ಮುಖ ತಿರುಗಿಸಿದ. ಡಬ್ಬಿಯಲ್ಲಿ ಬರುವ ನಾಯಿಯ ಬಿಸ್ಕತ್ತು ಹಾಕಿದೆ. ಅದನ್ನು ನೋಡಲೂ ಇಲ್ಲ. ನೀರು ಮಾತ್ರ ಕುಡಿದು ಅಕ್ಕನ ಹಳೆಯ ಸೀರೆಯ ಮೇಲೆ ಮಲಗಿದ.

ಅದೇ ಹೊತ್ತಿಗೆ ನಮ್ಮ ನವಕಾರ್ ಕುಂಜ್ ಸೊಸೈಟಿಯ ಕಾರ್ಯದರ್ಶಿ ಹಸಮುಖಭಾಯಿ ಬಂದರು. ಕೈಯಲ್ಲಿ ಹನ್ನೊಂದು ಮನೆಯವರ ಸಹಿಯ ಕಾಗದ. ಕಟ್ಟಡದಲ್ಲಿ ಬಹುಪಾಲು ಜೈನರು, ಆಚಾರವಂತರು. ಲಿಫ್ಟಿನಲ್ಲಿ ನಾಯಿ ಬರಬಾರದು, ಅದು ಏನೇನೋ ತಿನ್ನುವ ಪ್ರಾಣಿ ಎಂಬುದು ಕಾಗದದ ಸಾರ.

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಈ ಕಥೆ ಲಿಫ್ಟಿನಲ್ಲೇ ಮುಗಿಯುತ್ತಿತ್ತು.

"ಹಸಮುಖಭಾಯಿ, ಇವತ್ತು ಏಕಾದಶಿ," ಎಂದೆ. "ನಮ್ಮಕ್ಕನ ಮನೆಯಲ್ಲಿ ಬೆಳೆದ ಜೀವ ಇದು. ನೋಡಿ, ಮೂರು ಬಗೆ ಇಟ್ಟರೂ ಮುಟ್ಟಿಲ್ಲ. ಬರೇ ನೀರು. ನನಗೇ ಬಾಯಲ್ಲಿ ಸಾಬಕ್ಕಿ ಉಪ್ಪಿಟ್ಟು ಉಂಟು."

ಹಸಮುಖಭಾಯಿ ಬಟ್ಟಲನ್ನು ನೋಡಿದರು, ವಾಮನನನ್ನು ನೋಡಿದರು. ಸಹಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

"ದಾಮೋದರಕಾಕಾ! ಉಪವಾಸ್?"

"ನಿರಾಹಾರ."

"ಈ ಚಾತುರ್ಮಾಸದಲ್ಲಿ! ನನ್ನ ಮಗನಿಗೆ ಒಂದು ಹೊತ್ತು ಪಿಜ್ಜಾ ಬಿಡು ಅಂದರೆ ಬಿಡುವುದಿಲ್ಲ," ಎಂದು ಕಣ್ಣು ತುಂಬಿಕೊಂಡು, ವಾಮನನ ಮುಂದೆ ಬಾಗಿ, ಉಪವಾಸ ಮಾಡಿದವರನ್ನು ಜೈನರು ಕೇಳುವಂತೆ, "ಶಾತಾ ಮಾಂ ಛೋ?" ಎಂದರು. ಸುಖವಾಗಿದ್ದೀರಾ ಎಂದು ಅರ್ಥ. ವಾಮನ ನಿಟ್ಟುಸಿರು ಬಿಟ್ಟ. ಅವರಿಗೆ ಅದು ಉತ್ತರವಾಯಿತು.

ಮರುದಿನ ದ್ವಾದಶಿ. ಶಾಸ್ತ್ರದ ಪ್ರಕಾರ ಸೂರ್ಯೋದಯದೊಂದಿಗೆ ಪಾರಣೆ. ನಾನು ಉಂಡೆ. ವಾಮನ ಉಣ್ಣಲಿಲ್ಲ. ಮೊದಲ ಬಾರಿಗೆ ನನಗೆ ಅಳುಕಾಯಿತು. ಆದರೆ ಅಳುಕುವುದಕ್ಕೆ ಪುರಸೊತ್ತು ಸಿಕ್ಕಬೇಕಲ್ಲ! ಬೆಳಿಗ್ಗೆ ಒಂಬತ್ತರಿಂದ ಬಾಗಿಲಲ್ಲಿ ಜನ. ಎರಡು ದಿನದ ಉಪವಾಸಕ್ಕೆ ಅವರಲ್ಲಿ ಛಠ್ ಎನ್ನುತ್ತಾರೆ, ಮೂರು ದಿನವಾದರೆ ಅಠ್ಠಮ್. "ಛಠ್ ಆಯ್ತು, ಅಠ್ಠಮ್ ಮಾಡುತ್ತಾನೋ?" ಎಂದು ಮೂರನೇ ಮಹಡಿಯವರು ಕೇಳಿದರು. "ಮುಖದ ಕಳೆ ನೋಡಿ, ಮಾಡಿಯೇ ಮಾಡುತ್ತಾನೆ," ಎಂದರು ಆರನೇ ಮಹಡಿಯವರು. ಹೆಂಗಸರು ಮಕ್ಕಳನ್ನು ಕರೆತಂದು ತೋರಿಸಿ, "ನೋಡು, ಇವನನ್ನು ನೋಡಿ ಕಲಿ," ಎಂದರು. ಹಸಮುಖಭಾಯಿ ಲಿಫ್ಟಿನಲ್ಲಿ ಹೊಸ ಕಾಗದ ಅಂಟಿಸಿದರು: ತಪಸ್ವಿ ಬಂದಾಗ ಇತರರು ಮೆಟ್ಟಿಲು ಬಳಸಬೇಕು.

"ಇದು ತಪಸ್ಸಲ್ಲ, ಹಸಿವು," ಎಂದಳು ಕಮಲಾ, ಬಂದವರಿಗೆ ಇಪ್ಪತ್ತನೆಯ ಸಲ ನೀರು ಕೊಟ್ಟು ಒಳಗೆ ಬಂದು. "ಕಣ್ಣು ನೋಡಿ ಅದರದ್ದು. ಡಾಕ್ಟರ್ ಹತ್ರ ಹೋಗ್ತೀರೋ, ಇಲ್ಲ ನಾನೇ ಹೋಗ್ಬೇಕಾ?"

"ಊರೆಲ್ಲ ತಪಸ್ವಿ ಅಂತ ಕೈಮುಗಿಯುವಾಗ ಡಾಕ್ಟರ್ ಹತ್ರ ಒಯ್ದರೆ ಎಂತ ಹೇಳುದು?"

"ನಿಮಗೆ ಊರು ಮುಖ್ಯವಾ, ಅಕ್ಕನಿಗೆ ಕೊಟ್ಟ ಮಾತು ಮುಖ್ಯವಾ?"

ಇಂತಹ ಪ್ರಶ್ನೆಗೆ ವಿವೇಕಿಗಳು ಕೂಡಲೇ ಉತ್ತರಿಸುವುದಿಲ್ಲ. ನಾನು ಇನ್ನೊಂದು ದಿನ ತೆಗೆದುಕೊಂಡೆ.

ಮೂರನೆಯ ದಿನ ವಾಮನ ಏಳಲಿಲ್ಲ. ಹೆಸರು ಕರೆದರೆ ಬಾಲದ ತುದಿ ಮಾತ್ರ ಒಂದು ಸಲ ಅಲ್ಲಾಡಿತು. ಅವನನ್ನು ಅಕ್ಕನ ಸೀರೆಯಲ್ಲಿ ಸುತ್ತಿ, ಹಿಂದಿನ ಮೆಟ್ಟಿಲಿನಿಂದ ಇಳಿಸಿ, ರಿಕ್ಷಾದಲ್ಲಿ ನವರಂಗಪುರದ ಪಶುವೈದ್ಯೆ ಸಂಜನಾಬೆನ್ ಅವರಲ್ಲಿಗೆ ಒಯ್ದೆವು. ಆಕೆ ಚಿಕ್ಕ ಪ್ರಾಯದವರು, ಮಾತು ಮಾತ್ರ ದೊಡ್ಡದು.

"ಎಷ್ಟು ದಿನದಿಂದ ತಿಂದಿಲ್ಲ?"

"ಏಕಾದಶಿಯಿಂದ."

"ನನ್ನ ಫಾರಮ್ಮಿನಲ್ಲಿ ಏಕಾದಶಿ ಇಲ್ಲ ಕಾಕಾ. ಎಷ್ಟು ದಿನ?"

"ಮೂರನೆಯದು. ಅದು... ವ್ರತ ಅಂತ..."

ಆಕೆ ಪೆನ್ನು ಕೆಳಗಿಟ್ಟರು. "ಯಾರ ವ್ರತ?"

ನಾನು ವಾಮನನ ಕಡೆ ಬೆರಳು ತೋರಿಸಿದೆ. ಆಕೆ ನನ್ನನ್ನು ನೋಡಿದ ರೀತಿಯಲ್ಲಿ ಪರೀಕ್ಷೆ ನನಗೇ ಆಗಬೇಕಿತ್ತೇನೋ ಎನಿಸಿತು. ಪುಟ್ಟ ಕಾಲಿಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. "ಸಾಕಿದವರು ಹೋದ ದುಃಖ, ಹೊಸ ಮನೆ, ಅಭ್ಯಾಸವಿಲ್ಲದ ಊಟ. ಇಷ್ಟು ಸಣ್ಣ ನಾಯಿ ಇನ್ನು ತಡೆಯುವುದಿಲ್ಲ. ನಾಳೆ ಬೆಳಿಗ್ಗೆಯೊಳಗೆ ಅದು ತಾನಾಗಿ ತಿನ್ನಬೇಕು. ಇಲ್ಲದಿದ್ದರೆ ಉಳಿಯುತ್ತದೆಂದು ನಾನು ಹೇಳುವುದಿಲ್ಲ. ಮೊದಲಿನವರು ಏನು ಕೊಡುತ್ತಿದ್ದರೋ ಅದನ್ನೇ ಕೊಡಿ."

"ದೇವರ ಪ್ರಸಾದ ಕೊಡುತ್ತಿದ್ದಳು."

"ಪ್ರಸಾದಕ್ಕೆ ನಾಯಿಯ ಕೂದಲು ಇಷ್ಟು ಹೊಳೆಯುವುದಿಲ್ಲ. ವಿಚಾರಿಸಿ."

ಆಗ ಮಂಜುಳಾಬೆನ್ ಹೇಳಿದ ಮಾತು ನೆನಪಾಯಿತು. ಸಂಜೆ ಫೋನು ಮಾಡಿದೆ. ಆಕೆ ಮೊದಲು ಹಾಲು ಎಂದಳು. ಆಮೇಲೆ ರೊಟ್ಟಿ ಎಂದಳು. ವಾಮನ ಸಾಯುತ್ತಾನೆ ಎಂದೆ.

"ಸಾಹೇಬ್, ಬಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು," ಎಂದಳು. ಅಕ್ಕನನ್ನು ಅವಳು 'ಬಾ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದದ್ದು.

"ಹೋದವರ ಆಣೆಯನ್ನು ನಾನು ಬಿಡಿಸುತ್ತೇನೆ. ನಾನು ಅವಳ ತಮ್ಮ."

"ಈಂಡಾ, ಸಾಹೇಬ್."

ಗುಜರಾತಿನಲ್ಲಿ ಮೂವತ್ತೆಂಟು ವರ್ಷ ಇದ್ದು ಆ ಮಾತಿನ ಅರ್ಥ ತಿಳಿಯದಿರಲು ಸಾಧ್ಯವಿಲ್ಲ. ಮೊಟ್ಟೆ. ಆದರೂ ಇನ್ನೊಮ್ಮೆ ಕೇಳಿದೆ.

"ಬೇಯಿಸಿದ ಮೊಟ್ಟೆ. ದಿನಾ ಎರಡು. ನಾನು ತಂದುಕೊಡುತ್ತಿದ್ದೆ. ಹಿಂದಿನ ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಮರಿಯಾಗಿದ್ದಾಗ ಸಾಯುವ ಹಾಗಾಗಿತ್ತು, ಡಾಕ್ಟರು ಇದನ್ನೇ ಕೊಡಿ ಎಂದಿದ್ದರು. ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರು ಕೊಟ್ಟರೂ ತಿನ್ನುತ್ತಿರಲಿಲ್ಲ. ಬಾ ತಾವೇ ಸುಲಿದು, ಕೈಯಲ್ಲಿ ನುರಿದು ತಿನ್ನಿಸುತ್ತಿದ್ದರು. ಆಮೇಲೆ ತಲೆಗೆ ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದರು."

ಇದೋ ಆ ಎರಡನೆಯ ಸ್ನಾನ! ಎರಡು ಭಾಷಣ, ಅಷ್ಟೊಂದು ಚಪ್ಪಾಳೆ!

"ಏಕಾದಶಿಯ ದಿನವೂ?"

"ಛೇ, ಇಲ್ಲ ಸಾಹೇಬ್," ಎಂದಳು ಮಂಜುಳಾಬೆನ್, ಅಕ್ಕನ ಮಾನ ಕಾಯುತ್ತ. "ಏಕಾದಶಿಗೆ ಒಂದೇ."

ನಮ್ಮ ಕಟ್ಟಡದ ನಿಯಮ ಇಲ್ಲಿ ಹೇಳಬೇಕು. ಕೆಳಗಿನ ಹಜಾರದಲ್ಲಿ ಕಂಚಿನ ಫಲಕದಲ್ಲಿ ಕೊರೆದಿದೆ: ಮೊಟ್ಟೆ ಮಾಂಸ ಆವರಣದೊಳಗೆ ತರತಕ್ಕದ್ದಲ್ಲ. ಕಳೆದ ವರ್ಷ ಐದನೇ ಮಹಡಿಯ ಬಾಡಿಗೆಯ ಹುಡುಗನ ಕಸದಲ್ಲಿ ಅರ್ಧ ಮೊಟ್ಟೆಚಿಪ್ಪು ಸಿಕ್ಕಿ, ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಿಸಿದ್ದರು. ಅವನು ಕೈಮುಗಿದು ಕೇಳಿಕೊಂಡಿದ್ದ. ಆ ನೋಟೀಸಿಗೆ ಮೊದಲ ಸಹಿ ಹಾಕಿದ ಪುಣ್ಯಾತ್ಮ ನಾನು. ನನ್ನದೂ ಬಾಡಿಗೆ ಮನೆಯೇ.

ಮರುದಿನ ಬೆಳಿಗ್ಗೆ ಏಳಕ್ಕೆ ಗೋಪೀಚಂದನ ಹಚ್ಚಿಕೊಂಡೇ ಹೊರಟೆ. ನವರಂಗಪುರದ ಕಾಲೇಜಿನ ಹಿಂದೆ ಮೊಟ್ಟೆಯ ಕೈಗಾಡಿಯೊಂದು ನಿಲ್ಲುತ್ತದೆ. ಅಲ್ಲಿ ನಿಂತಿದ್ದ ನಾಲ್ಕು ವಿದ್ಯಾರ್ಥಿಗಳು ನನ್ನ ನಾಮ ಕಂಡು ತಟ್ಟೆ ಹಿಡಿದು ಮರದ ಮರೆಗೆ ಹೋದರು. ಗಾಡಿಯವನು ನಾನು ದೂರು ಕೊಡಲು ಬಂದವನೆಂದು ಒಲೆ ಆರಿಸಿದ.

"ಕಾಕಾ, ಈಗಲೇ ಗಾಡಿ ತೆಗೆಯುತ್ತೇನೆ."

"ತೆಗೆಯಬೇಡ ಮಾರಾಯ. ಎರಡು ಬೇಯಿಸಿದ್ದು ಕೊಡು."

ಅವನು ನನ್ನ ಹಣೆ ನೋಡಿದ. "ಯಾರಿಗೆ?"

"ನಮ್ಮ ಅಕ್ಕನದ್ದು ಒಂದು... ಪ್ರಸಾದ," ಎಂದು ಬಾಯಿ ತಪ್ಪಿ ಹೇಳಿದೆ. ಅವನು ಇನ್ನೇನೂ ಕೇಳದೆ ಎರಡು ಬಿಸಿ ಮೊಟ್ಟೆ ಕಾಗದದಲ್ಲಿ ಸುತ್ತಿ, ಕಪ್ಪು ಚೀಲದಲ್ಲಿ ಹಾಕಿಕೊಟ್ಟ. ಜುಬ್ಬಾದ ಜೇಬಿಗಿಟ್ಟೆ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ತೊಡೆ ಸುಡುತ್ತಿತ್ತು. ಇಷ್ಟು ಹತ್ತಿರದ ಪಾಪ ನಾನು ಹಿಂದೆ ಮಾಡಿರಲಿಲ್ಲ.

ಹಿಂದಿನ ಮೆಟ್ಟಿಲಿನಿಂದ ಹತ್ತಿ ಮನೆ ಸೇರಿಕೊಳ್ಳುವ ಯೋಜನೆ ನನ್ನದು. ಆದರೆ ಗೇಟಿನಲ್ಲೇ ನನ್ನನ್ನು ಹಿಡಿದರು. ಹಜಾರದಲ್ಲಿ ಬಿಳಿ ಬಟ್ಟೆಯ ಅರವತ್ತು ಜನ. ಮಧ್ಯೆ ಕೆಂಪು ಬಟ್ಟೆ ಹೊದಿಸಿದ ಪೀಠ, ಅದರ ಮೇಲೆ ವಾಮನ, ತಲೆ ಎತ್ತಲಾರದೆ. ಪಕ್ಕದಲ್ಲಿ ಕಮಲಾ.

"ಬಾಗಿಲು ಬಡಿದು ಕರ್ಕೊಂಡು ಬಂದ್ರು," ಎಂದಳು ಮೆಲ್ಲಗೆ. "ಬೇಡ ಅಂದ್ರೆ ಕೇಳಿದ್ರೆ ತಾನೆ! ಸಿಕ್ಕಿತಾ?"

ನಾನು ಜೇಬು ಮುಟ್ಟಿಕೊಂಡೆ.

ಹಸಮುಖಭಾಯಿ ಬೆಳ್ಳಿ ಬಟ್ಟಲಲ್ಲಿ ಹೆಸರುಕಾಳಿನ ನೀರು ಹಿಡಿದು ನಿಂತಿದ್ದರು. "ಅಠ್ಠಮ್ ಪೂರ್ಣವಾಯಿತು! ಇಂದು ಪಾರಣೆ. ನಮ್ಮ ಕೈಯಿಂದಲೇ," ಎಂದು ಭಾಷಣ ಆರಂಭಿಸಿದರು. ತಪಸ್ಸು, ತ್ಯಾಗ, ಇಂದ್ರಿಯನಿಗ್ರಹ ಎಲ್ಲ ಬಂತು. ನನ್ನ ಅಕ್ಕನ ಶುದ್ಧಾಚಾರವೂ ಬಂತು. ಚಪ್ಪಾಳೆ ಬಿತ್ತು. ಬಟ್ಟಲನ್ನು ವಾಮನನ ಬಾಯಿಗೆ ಹಿಡಿದರು. ವಾಮನ ಮುಖ ತಿರುಗಿಸಿದ.

"ಅಠ್ಠಾಈ! ಎಂಟು ದಿನ ಮಾಡುತ್ತಾನೆ!" ಎಂದರು ಆರನೇ ಮಹಡಿಯವರು.

ಎಲ್ಲರೂ ಕೈಮುಗಿದರು. ಆ ಕೈಗಳ ನಡುವೆ ನನಗೆ ಅವನ ಪಕ್ಕೆ ಕಂಡಿತು. ಉಸಿರು ನೂಲಿನ ಹಾಗೆ ಎಳೆಯುತ್ತಿತ್ತು. ಇನ್ನೊಂದು ದಿನ ಬದುಕುವ ನಾಯಿ ಅದಲ್ಲ.

ನಾನು ಹತ್ತಿರ ಹೋದೆ. ವಾಮನನ ಮೂಗು ಅರಳಿತು. ಕುತ್ತಿಗೆ ಎತ್ತಿದ. ನಡುಗುತ್ತ ಎದ್ದು, ಪೀಠದ ಅಂಚಿಗೆ ಬಂದು, ನನ್ನ ಜೇಬಿಗೆ ಮುಖ ಒತ್ತಿದ.

"ಕಾಕಾನ ಜೇಬಿನಲ್ಲಿ ಪ್ರಸಾದ ಇದೆ!" ಎಂದರು ಹಸಮುಖಭಾಯಿ, ಆನಂದದಿಂದ. "ಕೊಡಿ ಕಾಕಾ, ಎಲ್ಲರೆದುರು ಕೊಡಿ!"

ಕಂಚಿನ ಫಲಕ ನನ್ನ ಎದುರಿಗೇ ಹೊಳೆಯುತ್ತಿತ್ತು. ಮನೆಗೆ ಹೋಗಿ ಕೊಡುತ್ತೇನೆ ಎನ್ನಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದೆ. ವಾಮನ ಜೇಬಿನ ಬಟ್ಟೆಯನ್ನು ನೆಕ್ಕಲು ಶುರುಮಾಡಿದ. ನಾನು ಕಪ್ಪು ಚೀಲ ತೆಗೆದೆ, ಕಾಗದ ಬಿಚ್ಚಿದೆ, ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದೆ.

ಅರವತ್ತು ಜನ ಒಂದು ಹೆಜ್ಜೆ ಹಿಂದೆ ಸರಿದರು. ಹಸಮುಖಭಾಯಿ ಒಳ್ಳೆಯ ಮನುಷ್ಯ. ನನ್ನನ್ನು ಉಳಿಸಲು ನೋಡಿದರು.

"ಅದು... ಬೇಯಿಸಿದ ಬಟಾಟೆ, ಅಲ್ಲವೇ ಕಾಕಾ?" ಎಂದರು. ಹೇಳಿದ ಮೇಲೆ, ಆ ಸಭೆಯಲ್ಲಿ ನೆಲದೊಳಗೆ ಬೆಳೆಯುವ ಬಟಾಟೆಯೂ ನಿಷಿದ್ಧವೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು.

"ಬಟಾಟೆಯಲ್ಲ, ಮೊಟ್ಟೆ," ಎಂದೆ. "ಇವನು ತಪಸ್ವಿಯೂ ಅಲ್ಲ. ಹಸಿದಿದ್ದಾನೆ. ಉಪವಾಸ ಅಂತ ಜಂಬ ಕೊಚ್ಚಿದವನು ನಾನು. ನನ್ನಕ್ಕ ದಿನಾ ತನ್ನ ಕೈಯಿಂದ ಇದನ್ನೇ ತಿನ್ನಿಸುತ್ತಿದ್ದಳು. ಅವಳ ಹಾಗೇ ಸಾಕುತ್ತೇನೆಂದು ಮಾತು ಕೊಟ್ಟಿದ್ದೇನೆ. ನೋಟೀಸು ಕೊಡುವುದಾದರೆ ಕೊಡಿ. ಇದು ತಿಂದ ಮೇಲೆ ಕೊಡಿ."

ಹಿಂದಿನಿಂದ ಯಾರೋ, "ಫಲಕ ಓದಿಸಿ ಇವರಿಗೆ," ಎಂದರು. ನಾನು ಚಿಪ್ಪು ಸುಲಿಯಲು ನೋಡಿದೆ. ಮೊಟ್ಟೆ ಕೈಯಲ್ಲಿ ಜಾರುತ್ತಿತ್ತು. ಎಪ್ಪತ್ತನಾಲ್ಕು ವರ್ಷ ಮುಟ್ಟದ ವಸ್ತು, ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯಲಿಲ್ಲ. ಕಮಲಾ ಅದನ್ನು ನನ್ನ ಕೈಯಿಂದ ಕಸಿದು, ಪೀಠದ ಅಂಚಿಗೆ ಒಮ್ಮೆ ಬಡಿದು, ಅಂಗೈಯಲ್ಲಿ ಉರುಳಿಸಿ, ಒಂದೇ ಎಳೆತಕ್ಕೆ ಚಿಪ್ಪು ತೆಗೆದಳು.

ನಲವತ್ತಾರು ವರ್ಷದ ದಾಂಪತ್ಯ. ನಾನು ಅವಳ ಮುಖ ನೋಡಿದೆ.

"ಮದುವೆಗೆ ಮೊದಲು ಎರಡು ವರ್ಷ ಹಾಸ್ಟೆಲಲ್ಲಿ ಇದ್ದವಳು ನಾನು," ಎಂದಳು. "ಹೆಚ್ಚು ಕೇಳ್ಬೇಡಿ. ಹಿಡೀರಿ, ತಿನ್ನಿಸಿ. ಮಾತು ಕೊಟ್ಟದ್ದು ನೀವು."

ನಾನು ನುರಿದು ಅಂಗೈಯಲ್ಲಿ ಹಿಡಿದೆ. ವಾಮನ ಮೂಸಿದ. ನನ್ನ ಕಡೆ ನೋಡಿದ. ತಿನ್ನಲಿಲ್ಲ. ಆ ಕ್ಷಣ ಎಷ್ಟು ಉದ್ದವಿತ್ತೆಂದು ಹೇಳಲಾರೆ.

ಆಗ ಹಸಮುಖಭಾಯಿ ಜೋರಾಗಿ, "ಎಲ್ಲರೂ ತಿರುಗಿ!" ಎಂದರು. "ಗೋಡೆಯ ಕಡೆ ಮುಖ ಮಾಡಿ! ಎಲ್ಲರೂ ಹೀಗೆ ಬಾಯಿ ನೋಡುತ್ತಿದ್ದರೆ ಅದಾದರೂ ಹೇಗೆ ತಿಂದೀತು? ನಾವು ಏನನ್ನೂ ನೋಡಿಲ್ಲ!" ತಾವೇ ಮೊದಲು ತಿರುಗಿದರು. ಒಬ್ಬೊಬ್ಬರಾಗಿ ಅರವತ್ತು ಬಿಳಿ ಬೆನ್ನುಗಳು ನಮ್ಮ ಸುತ್ತ ನಿಂತವು. ಫಲಕ ಓದಿಸಿ ಎಂದವರ ಬೆನ್ನೂ ಅದರಲ್ಲಿತ್ತು.

ವಾಮನನ ಒರಟು ನಾಲಿಗೆ ನನ್ನ ಅಂಗೈಗೆ ತಾಗಿತು. ಒಂದು ಸಲ. ಇನ್ನೊಂದು ಸಲ.

"ಖಾಧುಂ?" ಎಂದು ಕೇಳಿದರು ಹಸಮುಖಭಾಯಿ, ಗೋಡೆಯ ಕಡೆ ನೋಡುತ್ತಲೇ. ತಿಂದನೇ ಎಂದು.

"ತಿಂತಾ ಇದ್ದಾನೆ."

"ಪೂರ್ತಿ?"

"ಎರಡನೆಯದಕ್ಕೆ ಬಂದ."

ಅವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡದ್ದು ಹಿಂದಿನಿಂದಲೂ ತಿಳಿಯುತ್ತಿತ್ತು. "ಜೀವ ಉಳಿಯಿತು," ಎಂದರು. ಆಮೇಲೆ ಕಾರ್ಯದರ್ಶಿಯ ಗಂಟಲಿನಲ್ಲಿ, "ದಾಮೋದರಕಾಕಾ, ನಾಳೆಯಿಂದ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ. ಮರದ ಕೆಳಗಿನ ಜಾಗ ಸೊಸೈಟಿಯದ್ದಲ್ಲ. ಚಿಪ್ಪು ಒಂದೂ ಒಳಗೆ ಬರಬಾರದು. ಲಿಫ್ಟಿನ ಕಾಗದ ಇಂದೇ ತೆಗೆಸುತ್ತೇನೆ. ಅವನು ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲಲಿ," ಎಂದರು. ಮಹಾತ್ಮರ ಪಟ್ಟ ಇಳಿಯುವುದಕ್ಕೆ ನಮ್ಮಲ್ಲಿ ಎರಡು ಮೊಟ್ಟೆಯಷ್ಟೇ ಹೊತ್ತು ಬೇಕು.

ಮನೆಗೆ ಬಂದು ತಲೆಗೆ ನೀರು ಸುರಿದುಕೊಂಡೆ. ಎಷ್ಟು ತಿಕ್ಕಿದರೂ ಬಲಗೈಯಲ್ಲಿ ಆ ವಾಸನೆ ಸ್ವಲ್ಪ ಉಳಿಯಿತು. ಆ ಕೈಯಿಂದಲೇ ದೀಪ ಹಚ್ಚಿದೆ. ವಾಮನ ಹೊಸ್ತಿಲಿನ ಹೊರಗೆ ಹೊಟ್ಟೆ ಮೇಲೆ ಮಾಡಿ ಮಲಗಿದ್ದ.

ಕೃಷ್ಣಾ, ನಮ್ಮ ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಒಂಬತ್ತು. ಆ ವರ್ಷ ನಾನೂ ಯಾರು ಕೊಟ್ಟರೂ ಉಣ್ಣುತ್ತಿರಲಿಲ್ಲವಂತೆ. ಹಸಿದವರ ಬಾಯಿಗೆ ತುತ್ತು ಹಿಡಿದು ಕಾದು ಕೂರುವುದು ಅವಳಿಗೆ ಆಗಲೇ ಅಭ್ಯಾಸವಾಗಿತ್ತು. ಅವಳ ಆಚಾರದ ಲೆಕ್ಕ ನೀನು ನೋಡಬೇಡ, ನಾನೂ ಇನ್ನು ಹೇಳುವುದಿಲ್ಲ. ಅವಳು ದಣಿದು ಬಂದಿದ್ದಾಳೆ. ಅವಳನ್ನು ನಿನ್ನ ಹತ್ತಿರ ಕೂರಿಸಿಕೋ, ಇವತ್ತು ಅವಳಿಗೆ ನೀನು ಉಣಿಸು. ನಮ್ಮ ಸುಲೋಚನಕ್ಕನ ಆತ್ಮಕ್ಕೆ ಶಾಂತಿಯನ್ನು ಕೊಡು.